ಮೆಂತ್ಯ ತುಂಬಿದ ಗೂಡ್ಸ್ ಗಾಡಿ

ಅಮೆರಿಕದ ಸಿಯಾಟಲ್ ಹತ್ತಿರದ ಮುಕಿಲ್ಟಿಯೊದಲ್ಲಿ ನಮ್ಮ ಪಕ್ಕದ ಮನೆಯವರು ಹಲ್ಲಿನ ಡಾಕ್ಟರು. ನಾವು ಇಲ್ಲಿ ಮನೆ ಮಾಡಿದ ಹೊತ್ತಿಗಾಗಲೇ ಕ್ಲಿನಿಕ್ ಮುಚ್ಚಿ ಮನೆಯಲ್ಲಿದ್ದರು. ಐರ್ಲೆಂಡ್‌ನ ಹೆಂಗಸು. ಓದು ಮುಗಿಸಿ ಕೆಲಸಕ್ಕೆಂದು ಬಂದವರು ಇಲ್ಲೇ ಉಳಿದುಬಿಟ್ಟಿದ್ದರು, ಮದುವೆಯಾಗಿರಲಿಲ್ಲ. ಬಹಳ ವರ್ಷ ನಮ್ಮ ಒಡನಾಟ ಬೇಲಿಯಾಚೆಯಿಂದ ಕೈ ಬೀಸುವಷ್ಟೇ ಇತ್ತು. ದೀಪಾವಳಿಗೆ ನಾನು ಒಂದು ಡಬ್ಬಿ ಚಕ್ಕುಲಿ ಕೊಟ್ಟರೆ ಕ್ರಿಸ್‌ಮಸ್‌ಗೆ ಅವರು ಒಣದ್ರಾಕ್ಷಿ ತುಂಬಿದ ಕೇಕ್ ಕೊಡುತ್ತಿದ್ದರು. ಅವರ ಕಾರು ಮಳೆಯಿರಲಿ ಹಿಮವಿರಲಿ ಹೊರಗೇ ನಿಂತಿರುತ್ತಿತ್ತು. ಗರಾಜಿನಲ್ಲಿ ಅದಕ್ಕೆ ಜಾಗವಿಲ್ಲದಷ್ಟು ಏನನ್ನು ತುಂಬಿಟ್ಟಿದ್ದಾರೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅದು ಗೊತ್ತಾದದ್ದು ನನ್ನ ಗಂಡನಿಗೆ ಸ್ಟ್ರೋಕ್ ಆದ ಮೇಲೆ.

ಅದೊಂದು ವಾರದ ನಡುವಿನ ಬೆಳಗ್ಗೆ. ಇವರು ಸಿಯಾಟಲ್‌ನ ಫ್ರೀಮಾಂಟ್‌ನ ಆಫೀಸಿಗೆ ಹೊರಡುವವರಿದ್ದರು, ನಾನು ವಿಮಾನದ ಕಾರ್ಖಾನೆಗೆ. ಕಾಫಿ ಮಾಡುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇವರ ಕೆಲಸ. ಫಿಲ್ಟರ್ ನೆಲಕ್ಕೆ ಬಿದ್ದ ಸದ್ದು ಕೇಳಿ ಮಹಡಿಯಿಂದ ಇಳಿದು ಬಂದೆ. ಡಿಕಾಕ್ಷನ್ ಅಂಗಿಯ ಮೇಲೆಲ್ಲ ಚೆಲ್ಲಿತ್ತು. ಇವರು ತಮ್ಮ ಬಲಗೈಯನ್ನು ಬೇರೆ ಯಾರದ್ದೋ ಕೈ ಎಂಬಂತೆ ನೋಡುತ್ತ ನಿಂತಿದ್ದರು.

"ಏನಾಯ್ತು ರೀ?" ಅಂದೆ.

ಬಾಯಿಂದ ಏನೋ ಬಂತು. ಅದು ಯಾವ ಭಾಷೆಯೂ ಆಗಿರಲಿಲ್ಲ.

ಆಂಬುಲೆನ್ಸ್ ಬೇಗ ಬಂದದ್ದರಿಂದ ಜೀವ ಉಳಿಯಿತು. ಕಾಲಿನ ಶಕ್ತಿಯೂ ನಿಧಾನವಾಗಿ ಮರಳಿತು, ಕೋಲು ಹಿಡಿದು ನಡೆಯುವಷ್ಟು. ಬಲಗೈ ಮಾತ್ರ ಮಡಚಿಕೊಂಡೇ ಉಳಿಯಿತು. ಮಾತು ಪೂರ್ತಿ ಹೋಗಿತ್ತು. ಇದನ್ನು ಹೇಗೆ ಹೇಳಲಿ? ಇವರು ಮಾತುಗಾರರು. ಮದುವೆ ಮನೆಯಲ್ಲಿ ಇವರ ಸುತ್ತ ಜನ ಸೇರುತ್ತಿದ್ದರು. ಆಫೀಸಿನ ಕಾಲ್ ಮುಗಿದ ಮೇಲೂ ಆ ಕಡೆಯವರನ್ನು ಹಿಡಿದುಕೊಂಡು ನಗಿಸುತ್ತಿದ್ದರು. ಇಷ್ಟು ವರ್ಷ ನಾನು ಕೇಳುವವಳಾಗಿಯೇ ಸುಖವಾಗಿದ್ದೆ. ಈಗ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸತೊಡಗಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಚಿತ್ರಗಳನ್ನು ಹಿಡಿದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಇವರು ಬೆವರುತ್ತಿದ್ದರು, ತುಟಿ ಅಲುಗುತ್ತಿತ್ತು, ಒಂದು ಅಕ್ಷರವೂ ಹೊರಡುತ್ತಿರಲಿಲ್ಲ. ಒಂದು ದಿನ ನಾನು ಬಾಟಲಿ ಹಿಡಿದು ಒಳಗೆ ಹೋದೆ. ಇವರು ನನ್ನನ್ನು ನೋಡಿ, ಸ್ಪಷ್ಟವಾಗಿ, "ನೀರು" ಅಂದರು. ಆಕೆ ನನ್ನ ಮುಖ ನೋಡಿದಳು. ಅದು ಮಾತೇ ಹೌದು, ಕನ್ನಡ, ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂದಿತ್ತು. ಎರಡು ಭಾಷೆ ಬಲ್ಲವರಲ್ಲಿ ಯಾವುದು ಮೊದಲು ಮರಳುತ್ತದೆಂದು ಯಾರೂ ಹೇಳಲಾರರು ಎಂದು ಆಕೆ ವಿವರಿಸಿದಳು.

ಇವರಿಗೆ ಮರಳಿದ್ದು ನಾವಿಬ್ಬರೂ ಮನೆಯಲ್ಲಿ ಆಡುತ್ತಿದ್ದ ಬೆಂಗಳೂರಿನ ಕನ್ನಡವೂ ಅಲ್ಲ. ಇವರು ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ. ಕಾಲೇಜಿಗೆ ಬಂದಾಗ ಯಾರೋ ನಕ್ಕರೆಂದು ಆ ಮಾತನ್ನು ಉಜ್ಜಿ ಉಜ್ಜಿ ತೆಗೆದುಹಾಕಿಕೊಂಡಿದ್ದರಂತೆ. ಈಗ "ಬೇಡ" ಅನ್ನಲು "ಬ್ಯಾಡ" ಬಂತು. "ಸ್ವಲ್ಪ" ಅನ್ನಲು "ಒಸಿ" ಬಂತು. ಮೈಸೂರಿನವಳಾದ ನಾನು ಆ ಮಾತನ್ನು ನನ್ನ ಅತ್ತೆಯ ಬಾಯಲ್ಲಿ ಮಾತ್ರ ಕೇಳಿದ್ದೆ.

ನಮ್ಮ ಮಗಳು ಸಿಯಾಟಲ್‌ನಲ್ಲೇ ಓದುತ್ತಿದ್ದಳು. ಇಲ್ಲಿ ಹುಟ್ಟಿದ ಮಕ್ಕಳೆಲ್ಲರ ಹಾಗೆ ಅವಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇವರು ಮನೆಗೆ ಬಂದ ಮೇಲೆ ಅವಳು ಪಕ್ಕದಲ್ಲಿ ಕೂತು ಏನೇನೋ ಹೇಳಿದಳು. ಇವರು ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಎದ್ದು ಅಡುಗೆಮನೆಗೆ ಬಂದಳು.

"ಅಮ್ಮಾ, ಹಿ ಈಸ್ ನಾಟ್ ಗೆಟಿಂಗ್ ಇಟ್."

"ಕನ್ನಡದಲ್ಲಿ ಹೇಳು ಕಂದ."

"ಮೈ ಕನ್ನಡ ಈಸ್ ಟೆರಿಬಲ್, ಅಮ್ಮಾ."

"ಪರವಾಗಿಲ್ಲ. ಅವರದ್ದೂ ಈಗ ಹಾಗೇ ಇದೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ವಾಪಸ್ಸು ಹೋಗಿ, ಒಂದೊಂದೇ ಪದ ಹುಡುಕಿಕೊಂಡು, "ಅಪ್ಪ, ನಾನು... ನಾಳೆ... ಬರ್ತೀನಿ" ಅಂದಳು. ಇವರು ಎಡಗೈಯಿಂದ ಅವಳ ಕೆನ್ನೆ ತಟ್ಟಿದರು.

ಆದರೆ ದಿನಗಳು ಉದ್ದವಾಗಿದ್ದವು. ಕೈಗೆ ಕೊಟ್ಟ ವ್ಯಾಯಾಮಗಳನ್ನು ಇವರು ಮಾಡುತ್ತಿರಲಿಲ್ಲ. ಮೇಣದಂಥ ಉಂಡೆಯನ್ನು ಹಿಸುಕಬೇಕು, ಹಲಗೆಯ ತೂತುಗಳಿಗೆ ಬಣ್ಣದ ಗೂಟ ಸಿಕ್ಕಿಸಬೇಕು. ಅವು ಮಕ್ಕಳ ಆಟಿಕೆಯಂತಿವೆ ಎಂಬ ಸಿಟ್ಟೋ, ತಮ್ಮಿಂದ ಅದೂ ಆಗುತ್ತಿಲ್ಲವೆಂಬ ಸಂಕಟವೋ, ಒಂದು ಮಧ್ಯಾಹ್ನ ಹಲಗೆಯನ್ನು ನೂಕಿಬಿಟ್ಟರು. ಗೂಟಗಳೆಲ್ಲ ನೆಲದ ತುಂಬ ಉರುಳಿದವು. ನಾನು ಹೆಕ್ಕಲು ಬಗ್ಗುವಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು. ಪಕ್ಕದ ಮನೆಯ ಡಾಕ್ಟರು ಆಲೂಗಡ್ಡೆ ಸೂಪಿನ ಪಾತ್ರೆ ಹಿಡಿದು ನಿಂತಿದ್ದರು. "ಮಾಂಸ ಹಾಕಿಲ್ಲ" ಎಂದು ಮೊದಲೇ ಹೇಳಿದರು. ಒಳಗೆ ಬರುವಾಗ ಅವರ ಕಾಲು ಗೂಟದ ಮೇಲೆ ಬಿತ್ತು. ಬಗ್ಗಿ, ನೆಲ ಸವರಿ ಅದನ್ನು ಎತ್ತಿಕೊಂಡರು, ಬೆರಳುಗಳ ನಡುವೆ ಹೊರಳಿಸಿ ನೋಡಿದರು. ಸೂಪನ್ನು ನನ್ನ ಕೈಗಿಟ್ಟು ಹೊರಟುಹೋದರು.

ತುಸು ಹೊತ್ತಿನಲ್ಲಿ ಮತ್ತೆ ಬಂದರು. ಈ ಸಲ ಕೈಯಲ್ಲಿ ಮೊಟ್ಟೆಯ ಪೆಟ್ಟಿಗೆ. ಅದರೊಳಗೆ ಹತ್ತಿಯ ಮೇಲೆ ಒಂದು ಪುಟ್ಟ ಗೂಡ್ಸ್ ವ್ಯಾಗನ್, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಗಾಲಿಗಳಿದ್ದವು, ಕೊಂಡಿಯ ಸರಪಳಿಯಿತ್ತು, ಬಾಗಿಲಿಗೆ ಕೂದಲಿನಷ್ಟು ತೆಳುವಾದ ಅಗುಳಿಯಿತ್ತು. ಅದನ್ನು ಇವರ ಎಡಗೈಗೆ ಇಟ್ಟರು. ಇವರು ಎಂಜಿನಿಯರ್ ಅಲ್ಲವೇ, ಮೊದಲು ಮಾಡಿದ್ದು ಅದನ್ನು ಬೋರಲು ಹಾಕಿ ಅಡಿಭಾಗ ನೋಡಿದ್ದು. ಅಷ್ಟು ದಿನಗಳಲ್ಲಿ ಇವರು ಯಾವುದನ್ನಾದರೂ ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

"ನನಗೊಬ್ಬರು ಬೇಕಾಗಿದ್ದಾರೆ. ನನ್ನ ಕಣ್ಣು ಹೋಗ್ತಾ ಇದೆ," ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು.

ನನಗೆ ಗೊತ್ತೇ ಇರಲಿಲ್ಲ. ಅವರ ದೃಷ್ಟಿಯ ನಡುಭಾಗ ಮಸುಕಾಗುತ್ತ ಬಂದು, ಅಂಚು ಮಾತ್ರ ಉಳಿದಿತ್ತಂತೆ. "ನಿಮ್ಮ ಮುಖ ಇರಬೇಕಾದ ಕಡೆ ಒಂದು ಬೂದು ಮೋಡ ಕಾಣುತ್ತೆ. ಕಿವಿಗಳು ಮಾತ್ರ ಚೆನ್ನಾಗಿ ಕಾಣುತ್ತವೆ," ಎಂದು ನನಗೆ ಹೇಳಿದರು. "ಕೈಗೇನೂ ಆಗಿಲ್ಲ. ಯಾವ ಭಾಗ ಎಲ್ಲಿ ಕೂರಬೇಕು ಅಂತ ಕೈಗೆ ಗೊತ್ತು. ನೆಟ್ಟಗೆ ಕೂತಿದೆಯೋ ಸೊಟ್ಟಗಿದೆಯೋ ಅದು ಮಾತ್ರ ಗೊತ್ತಾಗಲ್ಲ. ಇವರು ನೋಡಿ ಹೇಳಲಿ."

"ಅವರಿಗೆ ಇಂಗ್ಲಿಷ್ ಬರ್ತಿಲ್ಲ ಡಾಕ್ಟರ್. ಕನ್ನಡದಲ್ಲಿ ನಾಲ್ಕಾರು ಪದ ಅಷ್ಟೇ," ಅಂದೆ.

"ಆ ನಾಲ್ಕಾರು ಪದ ನಾನು ಕಲಿತರಾಯಿತು. ಎಡ, ಬಲ, ಮೇಲೆ, ಕೆಳಗೆ. ಇನ್ನೇನು ಬೇಕು?"

ಮರುದಿನ ಇವರನ್ನು ಹುಲ್ಲಿನ ಮೇಲೆ ನಡೆಸಿಕೊಂಡು ಆ ಗರಾಜಿಗೆ ಹೋದೆ. ಗೋಡೆಗೊರಗಿಸಿ ಉದ್ದನೆಯ ಮೇಜು, ಅದರ ಮೇಲೆ ಹಲ್ಲು ಕೊರೆಯುವ ಹಳೆಯ ಡ್ರಿಲ್, ಬಾಯೊಳಗೆ ಹಿಡಿದು ನೋಡುವ ಪುಟ್ಟ ಕನ್ನಡಿಗಳು, ಚೂಪು ಕೊಕ್ಕೆಗಳು, ಚಿಮಟಗಳು. ಕಪಾಟುಗಳಲ್ಲಿ ಸಾಲುಸಾಲಾಗಿ ಗೂಡ್ಸ್ ವ್ಯಾಗನ್‌ಗಳು. ದನ ಸಾಗಿಸುವ ವ್ಯಾಗನ್ನು, ಮರದ ಹಲಗೆಯ ತೆರೆದ ವ್ಯಾಗನ್ನು, ಚಾವಣಿಯ ನಡುವೆ ಮಾತ್ರ ತೆರವು ಬಿಟ್ಟು ಅಲ್ಲಿಗೆ ಕ್ಯಾನ್ವಾಸ್ ಹೊದಿಸುವ ವ್ಯಾಗನ್ನು. ಎಲ್ಲ ಹಳೆಯ ಕಾಲದ ಐರ್ಲೆಂಡ್‌ನವು. ಜನರು ಕೂರುವ ಬೋಗಿ ಒಂದೂ ಇರಲಿಲ್ಲ. ಎಳೆಯುವುದಕ್ಕೆಂದು ಒಂದೇ ಒಂದು ಎಂಜಿನ್ ಇತ್ತು. ಅದು ಅಂಗಡಿಯಲ್ಲಿ ಕೊಂಡದ್ದೆಂದು ಡಾಕ್ಟರಿಗೆ ಅದರ ಮೇಲೆ ಅಷ್ಟೇನೂ ಪ್ರೀತಿಯಿರಲಿಲ್ಲ. ಅವರ ತಂದೆ ವೆಕ್ಸ್‌ಫರ್ಡ್‌ನ ಕಡೆ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಮನೆಯ ಹಿಂದೆಯೇ ಹಳಿ. ಊಟದ ಮೇಜಿನಲ್ಲಿ ಮಾತೆಲ್ಲ ಯಾವ ವ್ಯಾಗನ್ನಿನ ಬ್ರೇಕು ಕಚ್ಚಿತು, ಯಾವುದರ ಬಾಗಿಲು ಮುರಿಯಿತು ಎಂಬುದೇ ಅಂತೆ.

ಡಾಕ್ಟರು ಇವರನ್ನು ಮೇಜಿನ ಬಲತುದಿಗೆ ಕೂರಿಸಿದರು. ಮಡಚಿಕೊಂಡ ಬಲಗೈಯನ್ನು ಎತ್ತಿ, ಭಾಗಗಳನ್ನು ಜೋಡಿಸುವ ನಕ್ಷೆಯ ಹಾಳೆಯ ಮೇಲೆ ಇಟ್ಟರು. ಅಂಟು ಒಣಗುವ ತನಕ ಹಾಳೆ ಸರಿಯಬಾರದು, ಅದಕ್ಕೆ ಭಾರ ಬೇಕು. "ಆ ಕೈ ಸುಮ್ಮನೆ ಇಲ್ಲಿ ಕೂತರೆ ಸಾಕು. ನನಗೆ ದೊಡ್ಡ ಉಪಕಾರ," ಎಂದರು. ಇವರು ತಮ್ಮ ಕೈಯನ್ನು ನೋಡಿದರು. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಎಬ್ಬಿಸಲು ನೋಡಿದ್ದರು. ಹಾಗೇ ಇರು ಎಂದವರು ಪಕ್ಕದ ಮನೆಯ ಈ ಡಾಕ್ಟರೊಬ್ಬರೇ.

ಅಂದು ಬಫರ್ ಕೂರಿಸುವ ಕೆಲಸ. ವ್ಯಾಗನ್‌ಗಳು ಒಂದಕ್ಕೊಂದು ಗುದ್ದಿಕೊಳ್ಳದಂತೆ ಎರಡು ತುದಿಗೂ ಇರುವ ಗುಂಡಿಗಳಂಥವು ಅವು. ಡಾಕ್ಟರು ಚಿಮಟದಲ್ಲಿ ಒಂದನ್ನು ಹಿಡಿದು ಅದರ ಜಾಗಕ್ಕೆ ತಂದರು, ಕಾದರು.

"ಎಡಕ್ಕೆ," ಅಂದರು ಇವರು.

ನಾನು ಅನುವಾದಿಸಿದೆ. ಚಿಮಟ ಎಡಕ್ಕೆ ಸರಿಯಿತು.

"ಒಸಿ... ಒಸಿ ಮ್ಯಾಕೆ."

"ಒಸಿ ಎಂದರೆ?"

"ಸ್ವಲ್ಪ ಅಂತ. ಸ್ವಲ್ಪ ಮೇಲಕ್ಕೆ," ಅಂದೆ.

"ಎಷ್ಟು ಸ್ವಲ್ಪ? ಕೂದಲೆಳೆಯಷ್ಟೋ, ಅಕ್ಕಿಕಾಳಿನಷ್ಟೋ?"

ಇವರು ಎಡಗೈಯ ಎರಡು ಬೆರಳು ಹತ್ತಿರ ತಂದು ತೋರಿಸಿದರು. ಅವರಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ ಕೈ ಕೆಳಗಿಳಿಸಿದರು. ಹಣೆಯಲ್ಲಿ ನೆರಿಗೆ ಮೂಡಿತು. ಒಳಗೆ ಎಲ್ಲಿಂದಲೋ ಹೊರಳಿಸಿ ತೆಗೆದಂತೆ, "ಕೂದ್ಲು" ಅಂದರು. ಚಿಮಟ ಒಂದು ಕೂದಲಿನಷ್ಟು ಮೇಲೆ ಹೋಯಿತು.

"ಸಾಕು!"

ಆ "ಸಾಕು" ಎಷ್ಟು ಜೋರಾಗಿತ್ತೆಂದರೆ ಮೂವರೂ ಬೆಚ್ಚಿದೆವು. ಆಮೇಲೆ ಡಾಕ್ಟರು ನಕ್ಕರು. ಇವರೂ ನಕ್ಕರು, ಅರ್ಧ ತುಟಿಯಲ್ಲಿ.

ಅಲ್ಲಿಂದ ಮುಂದೆ ಇವರು ಬೆಳಗ್ಗೆ ತಿಂಡಿ ಮುಗಿಸಿ ತಾವೇ ಚಪ್ಪಲಿ ಹುಡುಕತೊಡಗಿದರು. ನಾನು ಕೆಲಸಕ್ಕೆ ಹೋಗಲು ಶುರುಮಾಡಿದೆ, ಅರ್ಧ ದಿನ. ಮಧ್ಯಾಹ್ನ ಬಂದು ಗರಾಜಿನ ಬಾಗಿಲಲ್ಲಿ ನಿಂತರೆ ಒಳಗಿಂದ ಇಬ್ಬರ ದನಿ ಕೇಳುತ್ತಿತ್ತು. ಡಾಕ್ಟರ ಬಾಯಲ್ಲಿ ಮಂಡ್ಯದ ಕನ್ನಡ ಐರಿಷ್ ರಾಗದಲ್ಲಿ ಏರಿಳಿಯುತ್ತಿತ್ತು. "ಇಂಗಾ? ಅಂಗಾ?" ಎಂದು ಅವರು ಕೇಳುವುದು, "ಅಂಗಲ್ಲ ಅಕ್ಕ, ಇಂಗೆ" ಎಂದು ಇವರು ಹೇಳುವುದು. ಅಕ್ಕ ಎಂದು ಕರೆಯಲು ಯಾವಾಗ ಶುರುಮಾಡಿದರೋ ಗೊತ್ತಿಲ್ಲ. ಹಾಗೆಂದರೆ ಏನೆಂದು ಡಾಕ್ಟರು ನನ್ನನ್ನು ಕೇಳಿದರು. ಹೇಳಿದೆ.

"ನಮ್ಮ ಮನೆಯಲ್ಲಿ ನಾನೇ ಕೊನೆಯವಳು. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ," ಎಂದರು. ಮತ್ತೆ ಕೊಕ್ಕೆ ಕೈಗೆತ್ತಿಕೊಂಡರು.

ಎಲ್ಲ ದಿನವೂ ಹೀಗೇ ಇತ್ತೆಂದಲ್ಲ. ಒಂದು ದಿನ ನಾನು ಬೇಗ ಬಂದಿದ್ದೆ. ಕ್ಯಾನ್ವಾಸ್ ಹೊದಿಸುವ ವ್ಯಾಗನ್ನಿನ ಪಕ್ಕದ ಗೋಡೆಯನ್ನು ಡಾಕ್ಟರು ಅಂಟಿಸುತ್ತಿದ್ದರು. ಅದು ತಲೆಕೆಳಗಾಗಿತ್ತು. ನನಗೂ ದೂರದಿಂದಲೇ ಕಾಣುತ್ತಿತ್ತು, ಆದರೆ ಅವರಿಬ್ಬರ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಇವರಿಗೆ ಆ ಪದ ಸಿಗುತ್ತಿಲ್ಲ. "ಎಡ," ಅಂದರು. ಡಾಕ್ಟರು ಎಡಕ್ಕೆ ಸರಿಸಿದರು. "ಅಲ್ಲ... ಎಡ... ಅಲ್ಲ!" ಡಾಕ್ಟರು ಬಲಕ್ಕೆ ಸರಿಸಿದರು. ಇವರ ಕತ್ತಿನ ನರ ಉಬ್ಬಿತು. "ಎಡ! ಎಡ!" ಎಂದು ಕೂಗಿ ಎಡಗೈಯಿಂದ ಮೇಜನ್ನು ಗುದ್ದಿಬಿಟ್ಟರು. ವ್ಯಾಗನ್ನು ಹಾರಿ ಸಿಮೆಂಟು ನೆಲಕ್ಕೆ ಬಿದ್ದು ಚೂರಾಯಿತು.

ಇವರು ಅಳತೊಡಗಿದರು. ಇವರ ಅಪ್ಪ ಹೋದಾಗಲೂ ನಾನು ಅಂಥ ಅಳು ನೋಡಿರಲಿಲ್ಲ. ಹತ್ತಿರ ಹೋಗಿ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಡಾಕ್ಟರು ಮೇಜು ಹಿಡಿದುಕೊಂಡು ನಿಧಾನವಾಗಿ ಮಂಡಿಯೂರಿ, ನೆಲದ ಮೇಲೆ ಅಂಗೈ ಸವರುತ್ತ ಚೂರುಗಳನ್ನು ಹುಡುಕತೊಡಗಿದರು. ಒಂದು ಗಾಲಿ ಸಿಕ್ಕಿತು, ಬಫರು ಸಿಕ್ಕಿತು. ಕಳಚಿದ ಗೋಡೆ ಅವರ ಮುಖದ ನೇರಕ್ಕೇ ಬಿದ್ದಿತ್ತು. ಅವರ ಕೈ ಅದರ ಆಚೆ ಹೋಯಿತು, ಈಚೆ ಬಂತು, ಸುತ್ತ ಹೋಯಿತು, ಅದನ್ನು ಮಾತ್ರ ಮುಟ್ಟಲಿಲ್ಲ.

ಇವರ ಅಳು ನಿಂತಿತು. ಆ ಕೈಯನ್ನೇ ನೋಡುತ್ತಿದ್ದರು. ಅವರಿಗೆ ಎಷ್ಟು ಕಾಣುವುದಿಲ್ಲ ಎಂಬುದು ಇವರಿಗೆ ಆಗ ಅರ್ಥವಾಯಿತೆಂದು ತೋರುತ್ತದೆ. ನನ್ನನ್ನು ಮೆಲ್ಲಗೆ ಸರಿಸಿ, ಕುರ್ಚಿಯಿಂದ ಜಾರಿ ನೆಲಕ್ಕೆ ಕೂತರು. "ರೀ, ಬೀಳ್ತೀರಿ!" ಅಂದೆ. ಕೇಳಲಿಲ್ಲ. ಡಾಕ್ಟರ ಮಣಿಕಟ್ಟು ಹಿಡಿದು, ಅವರ ಬೆರಳನ್ನು ಆ ತುಂಡಿನ ಮೇಲೆ ಇಟ್ಟು, "ಇಲ್ಲಿ" ಅಂದರು. ಅದನ್ನು ಅವರ ಅಂಗೈಯಲ್ಲಿ ಒಮ್ಮೆ ಬುಡಮೇಲು ಮಾಡಿ, ಮತ್ತೆ ಸರಿಯಾಗಿ ತಿರುಗಿಸಿ, "ಅಂಗಲ್ಲ... ಇಂಗೆ" ಅಂದರು.

ಡಾಕ್ಟರು ಹೆಬ್ಬೆರಳಿನಿಂದ ತಡವಿದರು. ಬಾಗಿಲಿನ ಕೀಲು ಈಗ ಕೆಳಗೆ, ಇರಬೇಕಾದ ಕಡೆಯೇ, ಇರುವುದು ಕೈಗೆ ತಗುಲಿತು. "ಅಯ್ಯೋ, ತಲೆಕೆಳಗಾಗಿ ಅಂಟಿಸ್ತಾ ಇದ್ದೆನಾ! ನಮ್ಮಪ್ಪ ಇದ್ದಿದ್ದರೆ ಮನೆಯಿಂದ ಓಡಿಸೋರು!" ಎಂದು ನಗಲು ಶುರುಮಾಡಿದರು. ಇವರೂ ನಕ್ಕರು. ಇಬ್ಬರೂ ನೆಲದ ಮೇಲೆ ಕೂತು ನಗುತ್ತಿದ್ದರು, ಇಬ್ಬರಿಗೂ ತಾವಾಗಿ ಏಳಲು ಬರುತ್ತಿರಲಿಲ್ಲ. ಮೊದಲು ಡಾಕ್ಟರನ್ನು, ಆಮೇಲೆ ಇವರನ್ನು ಎತ್ತಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು.

ಆ ದಿನದ ನಂತರ ಮಾತು ಸಿಗದ ಕಡೆ ಇವರು ಅವರ ಬೆರಳನ್ನೇ ಒಯ್ದು ಇಡುತ್ತಿದ್ದರು. ವಿಚಿತ್ರವೆಂದರೆ ಮಾತುಗಳು ಅದರ ಹಿಂದೆಯೇ ಬರತೊಡಗಿದವು.

ಚಳಿಗಾಲ ಬರುವ ಹೊತ್ತಿಗೆ ಅವರು ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. ಬೀಟ್ ಗಾಡಿ. ನಮ್ಮ ಕೆಂಪು ಬೀಟ್‌ರೂಟಿನ ಜಾತಿಯದೇ, ಆದರೆ ಬಿಳಿಯ ಗೆಡ್ಡೆ. ಐರ್ಲೆಂಡ್‌ನಲ್ಲಿ ಅದರಿಂದ ಸಕ್ಕರೆ ತೆಗೆಯುತ್ತಿದ್ದರು. ಕೊಯ್ಲಿನ ಕಾಲದಲ್ಲಿ ರೈತರು ಸ್ಟೇಷನ್ನಿಗೆ ತಂದು ಸುರಿದ ಗೆಡ್ಡೆಯನ್ನು ಕವೆಗೋಲಿನಲ್ಲಿ ಎತ್ತಿ ಎತ್ತಿ ವ್ಯಾಗನ್‌ಗಳಿಗೆ ತುಂಬುತ್ತಿದ್ದರಂತೆ. ಮಣ್ಣು ಮೆತ್ತಿದ ಗೆಡ್ಡೆ, ಸೋರುವ ನೀರು. ತಂದೆ ಮನೆಗೆ ಬಂದರೆ ಕಲ್ಲಿದ್ದಲ ಹೊಗೆಯೂ ಆ ಮಣ್ಣಿನ ವಾಸನೆಯೂ ಸೇರಿ ಬರುತ್ತಿತ್ತೆಂದು ಡಾಕ್ಟರು ಹೇಳಿದರು. ಅವರು ಅಮೆರಿಕಕ್ಕೆ ಬಂದ ಎಷ್ಟೋ ವರ್ಷಗಳ ಮೇಲೆ, ಅಲ್ಲಿನ ರೈಲ್ವೆಯವರು ಹಳೆಯ ಕಬ್ಬಿಣದ ವ್ಯಾಗನ್‌ಗಳನ್ನು ಒಂದರ ಮೇಲೊಂದು ಕೂರಿಸಿ ಬೆಸುಗೆ ಹಾಕಿ, ಎರಡು ಪಾಲು ಎತ್ತರದ ಬೀಟ್ ವ್ಯಾಗನ್ ಮಾಡಿದರಂತೆ. ತಂದೆಯ ಮಣ್ಣಿಗೆ ಹೋದಾಗ ಡಾಕ್ಟರು ಆ ಗಾಡಿಯನ್ನು ನೋಡಿದ್ದರು. ಈಗ ಆ ಸಕ್ಕರೆ ಕಾರ್ಖಾನೆಗಳೂ ಇಲ್ಲ, ಆ ಗಾಡಿಯೂ ಇಲ್ಲ. ಕಣ್ಣು ಪೂರ್ತಿ ಹೋಗುವುದರೊಳಗೆ ಅದೊಂದನ್ನು ಮಾಡಿ ಮುಗಿಸಬೇಕೆಂದು ಅವರ ಆಸೆ.

ಸಕ್ಕರೆ ಎಂದದ್ದೇ ತಡ, ಇವರು ನೆಟ್ಟಗೆ ಕೂತರು. "ನಮ್ಮೂರು... ಗಾಡಿ... ಕಬ್ಬು," ಅಂದರು. ಕೈಯಲ್ಲಿ ಉದ್ದಕ್ಕೆ ಗೆರೆ ಎಳೆದು, "ಸಾಲು... ಸಾಲು" ಅಂದರು. ನಾನು ತುಂಡುಗಳನ್ನು ಜೋಡಿಸಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ: ಕಾರ್ಖಾನೆಯ ಮುಂದೆ ಕಬ್ಬಿನ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಮಕ್ಕಳೆಲ್ಲ ಹಿಂದಿನಿಂದ ಹೋಗಿ ಒಂದೊಂದು ಕಬ್ಬು ಸೆಳೆಯುತ್ತಿದ್ದರು, ಊರಿಗೆಲ್ಲ ಕಾಕಂಬಿಯ ವಾಸನೆ. ಡಾಕ್ಟರು ಕೈ ಎತ್ತಿ ನನ್ನನ್ನು ತಡೆದರು. "ನೀನು ಹೇಳಬೇಡ. ಅವರೇ ಹೇಳಲಿ, ನನಗೆ ಗೊತ್ತಾಗುತ್ತೆ." ನಾನು ಎದ್ದು ಬಂದೆ. ಹುಲ್ಲಿನ ಮೇಲೆ ನಡೆದು ನಮ್ಮ ಅಡುಗೆಮನೆ ಸೇರುವ ತನಕವೂ ಇವರ ದನಿ ಹಿಂದಿನಿಂದ ಕೇಳುತ್ತಲೇ ಇತ್ತು.

ವ್ಯಾಗನ್‌ಗಳು ಸಿದ್ಧವಾದವು. ತುಂಬಲು ಬೀಟ್ ಬೇಕಲ್ಲ? ಡಾಕ್ಟರು ಜೇಡಿಮಣ್ಣಿನಲ್ಲಿ ಉಂಡೆ ಮಾಡಿ ನೋಡಿದರು; ತೀರ ನುಣುಪಾದವು. ಮರದ ಚೂರು ಹಾಕಿ ನೋಡಿದರು, ಸೌದೆಯ ಗಾಡಿಯಂತಾಯಿತು. ಒಂದು ಭಾನುವಾರ ಅವರು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು, ಮಗಳೂ ಬಂದಿದ್ದಳು. ನಾನು ಗೊಜ್ಜಿಗೆ ಒಗ್ಗರಣೆ ಹಾಕಲು ಸಾಂಬಾರ ಡಬ್ಬಿ ತೆರೆದಿಟ್ಟಿದ್ದೆ. ಇವರು ಅದರ ಮುಂದೆ ನಿಂತು ಒಂದೊಂದು ಬಟ್ಟಲನ್ನೂ ನೋಡುತ್ತಿದ್ದರು. ಎರಡು ಬೆರಳಿನಲ್ಲಿ ಏನೋ ತೆಗೆದುಕೊಂಡು, ಕೋಲು ಊರುತ್ತ ಹೋಗಿ ಡಾಕ್ಟರ ಅಂಗೈಯಲ್ಲಿ ಇಟ್ಟರು.

ಡಾಕ್ಟರು ಹೊರಳಿಸಿ ನೋಡಿದರು. "ಒಂದು ಕಡೆ ಮೂಲೆ ಇದೆ. ಮಧ್ಯೆ ಒಂದು ಗೀರು. ಒಂದರ ಹಾಗೆ ಇನ್ನೊಂದಿಲ್ಲ. ಬಣ್ಣ ಏನು?"

"ಮಣ್ಣು," ಅಂದರು ಇವರು.

"ಇದೇ!" ಎಂದು ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಇದರ ಹೆಸರೇನು?"

"ಮೆಂತ್ಯ."

ಊಟವಾದ ಮೇಲೆ ಮೆಂತ್ಯವನ್ನು ಕುಟ್ಟಣಿಗೆಯಲ್ಲಿ ತುಸುವೇ ತರಿ ಮಾಡಿಕೊಟ್ಟೆ. ಮಗಳು ಚಮಚದಲ್ಲಿ ತುಂಬಿದಳು, ಇವರು ಎಡಗೈ ಬೆರಳಿನಿಂದ ಗುಡ್ಡೆ ಮಾಡಿದರು. ತಿಂಗಳುಗಟ್ಟಲೆ ಹಾಳೆಗೆ ಭಾರವಾಗಿ ಕೂತಿದ್ದ ಬಲಗೈ ಅಂದು ವ್ಯಾಗನ್ನಿನ ಪಕ್ಕಕ್ಕೆ ಒತ್ತಿಕೊಂಡು ಅದು ಉರುಳದಂತೆ ನಿಂತಿತ್ತು. ಹೆಬ್ಬೆರಳು ಸ್ವಲ್ಪ ಬಿಚ್ಚಿಕೊಂಡಿತ್ತು. ನಾನು ನೋಡಿದೆ, ಮಗಳೂ ನೋಡಿದಳು. ದೃಷ್ಟಿ ತಾಕೀತೆಂಬಂತೆ ಇಬ್ಬರೂ ಬಾಯಿ ಬಿಡಲಿಲ್ಲ.

ವಸಂತ ಕಾಲದಲ್ಲಿ ಹತ್ತಿರದ ಊರೊಂದರ ಸಮುದಾಯ ಭವನದಲ್ಲಿ ರೈಲು ಮಾದರಿಗಳ ಪ್ರದರ್ಶನವಿತ್ತು. ಡಾಕ್ಟರು ಬೀಟ್ ಗಾಡಿಯನ್ನು ಅಲ್ಲಿ ಓಡಿಸಿದರು. ಸುತ್ತ ಇದ್ದವೆಲ್ಲ ಅಮೆರಿಕದ ಉದ್ದುದ್ದ ರೈಲುಗಳು, ಮರುಭೂಮಿ, ಪರ್ವತ, ದೀಪ. ನಮ್ಮ ಮೇಜಿನ ಮೇಲೆ ಒಂದು ಚಿಕ್ಕ ಸ್ಟೇಷನ್ನು, ಒಂದು ಹೊಲ, ಹತ್ತಿರ ಬಂದರೆ ಮೆಂತ್ಯದ ಘಮ. ಒಬ್ಬರು ಹಿರಿಯರು ಬಗ್ಗಿ ನೋಡಿ, ಈ ವ್ಯಾಗನ್ನುಗಳು ಯಾಕೆ ಒಂದರ ಮೇಲೊಂದು ಕೂತಂತಿವೆ ಎಂದು ಕೇಳಿದರು. ಡಾಕ್ಟರು ಆಗ ಕಾಫಿಗೆ ಹೋಗಿದ್ದರು. ಮೇಜಿನ ಹಿಂದೆ ಇದ್ದದ್ದು ಇವರು.

ಇವರು ಉತ್ತರ ಶುರುಮಾಡಿಯೇಬಿಟ್ಟರು, ಕನ್ನಡದಲ್ಲಿ. "ಇದು... ಬೀಟು. ಸಕ್ಕರೆ ಮಾಡಕ್ಕೆ. ಹಳೇ ಡಬ್ಬಿ ಮ್ಯಾಲೆ ಡಬ್ಬಿ ಮಡಗಿ..." ಆ ಹಿರಿಯರು ಅರ್ಥವಾಗದಿದ್ದರೂ ಮರ್ಯಾದೆಯಿಂದ ತಲೆದೂಗಿದರು. ಪಕ್ಕದಲ್ಲಿ ನಿಂತಿದ್ದ ಮಗಳು, ಯಾರೂ ಹೇಳದೆಯೇ, ಅಪ್ಪನ ಮಾತನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಇನ್ನೂ ಕೆಲವರು ಸೇರಿದರು. ಜನ ಸೇರಿದ್ದು ಕಂಡದ್ದೇ ಇವರ ಹಳೆಯ ಚಾಳಿ ಎಚ್ಚರವಾಯಿತು. ಐರ್ಲೆಂಡ್ ಬಿಟ್ಟು ಮಂಡ್ಯಕ್ಕೆ ಹೊರಟರು.

"ಅಪ್ಪ, ನಿಲ್ಲಿ, ನಿಲ್ಲಿ. ಆಲೆಮನೆ ಅಂದ್ರೆ ಏನು?" ಎಂದು ಅವಳು ಕೇಳಿದಳು.

"ಆಲೆಮನೆ ಗೊತ್ತಿಲ್ವಾ? ಬೆಲ್ಲ... ಬೆಲ್ಲ ಮಾಡೋ ಮನೆ ಕಣವ್ವ!"

ಇವರು ಹಿಂದೆಂದೂ ಅವಳನ್ನು ಅವ್ವ ಎಂದು ಕರೆದಿರಲಿಲ್ಲ. ಅವಳು ಜನರತ್ತ ತಿರುಗಿ ಅದನ್ನು ಹೇಗೆ ಹೇಳಿದಳೋ ನನಗೆ ಕೇಳಿಸಲಿಲ್ಲ. ನಾನು ಒಂದು ಕಂಬದ ಹಿಂದೆ ಹೋಗಿ ನಿಂತಿದ್ದೆ.

ಆ ಬೇಸಿಗೆ ಮುಗಿಯುವಷ್ಟರಲ್ಲಿ ಡಾಕ್ಟರ ಕಣ್ಣಿನ ಅಂಚೂ ಮಸುಕಾಯಿತು. ಒಬ್ಬರೇ ಇರುವುದು ಕಷ್ಟವಾಯಿತು. ಸಿಯಾಟಲ್ ಪಕ್ಕದ ಸರೋವರದೊಳಗಿನ ಮರ್ಸರ್ ಐಲ್ಯಾಂಡ್‌ನಲ್ಲಿ ಅವರ ಅಕ್ಕನ ಮಗಳಿದ್ದಾಳೆ. ತನ್ನ ಮನೆಯ ಕೆಳಗಿನ ಅಂತಸ್ತನ್ನು ಅವರಿಗೆ ಬಿಟ್ಟುಕೊಟ್ಟಳು. ಮನೆ ಖಾಲಿ ಮಾಡುವ ದಿನ ಇವರು ವ್ಯಾಗನ್‌ಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟರು, ಯಾರ ಸಹಾಯವನ್ನೂ ಬೇಡವೆಂದರು. ಅದಕ್ಕೆ ಇಡೀ ದಿನ ಹಿಡಿಯಿತು. ಸಾಮಾನು ಸಾಗಿಸುವವರು ಹೊರಗೆ ಕಾದರು.

ಈಗ ಭಾನುವಾರಗಳಲ್ಲಿ ನಾವು ಅಲ್ಲಿಗೆ ಹೋಗುತ್ತೇವೆ. ಮೇಜು, ಡ್ರಿಲ್ಲು, ಕನ್ನಡಿಗಳು ಎಲ್ಲವೂ ಕಿಟಕಿಯ ಪಕ್ಕದಲ್ಲಿವೆ. ಹಿಂದಿನ ವಾರ ಗಾರ್ಡಿನ ಡಬ್ಬಿಯ ಕೆಲಸ ನಡೆದಿತ್ತು, ತಂದೆ ಕೂರುತ್ತಿದ್ದಂಥದು. ಅದರೊಳಗಿನ ಒಲೆಯ ಹೊಗೆಕೊಳವೆ ಯಾವ ಕಡೆ ಇತ್ತೆಂದು ಡಾಕ್ಟರಿಗೆ ನೆನಪಾಗಲಿಲ್ಲ. ವೆಕ್ಸ್‌ಫರ್ಡ್‌ನಲ್ಲಿರುವ ತಮ್ಮ ಅಣ್ಣನಿಗೆ ಫೋನ್ ಮಾಡಿಸಿದರು. ಅವರು ಬಾಗಿಲ ಪಕ್ಕ ಅಂದರು. ಬಾಗಿಲ ಪಕ್ಕ ಇರಲು ಸಾಧ್ಯವೇ ಇಲ್ಲ ಎಂದು ಡಾಕ್ಟರು ಜಗಳ ತೆಗೆದರು. ಇವರು ಕೊಳವೆಯನ್ನು ಚಿಮಟದಲ್ಲಿ ಹಿಡಿದು, ಎಡಗೈಯಿಂದ, ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ಇಟ್ಟು ನೋಡುತ್ತ ಸುಮ್ಮನೆ ಕಾದರು. ಜಗಳ ಮುಗಿಯಲಿಲ್ಲ. ಕೊಳವೆಯನ್ನು ಅಂಟಿಸದೆಯೇ ಎದ್ದೆವು.

ಮನೆಗೆ ಡ್ರೈವ್ ಮಾಡುವಾಗ ಸೇತುವೆಯ ಮೇಲೆ ಟ್ರಾಫಿಕ್ ನಿಂತುಹೋಗಿತ್ತು. ಕೆಳಗೆ ಸರೋವರದಲ್ಲಿ ಬಿಸಿಲು. ನಾನು ಸೋಮವಾರದ ಮೀಟಿಂಗಿನ ಬಗ್ಗೆ ಯೋಚಿಸುತ್ತಿದ್ದೆ. ಕಾಯಿಲೆ ಬಿದ್ದಾಗಿನಿಂದ ಇವರು ನನಗೆ ಬೇಕು ಅಂದಿದ್ದಾರೆ, ಬೇಡ ಅಂದಿದ್ದಾರೆ, ನೋವು ಅಂದಿದ್ದಾರೆ, ಇತ್ತೀಚೆಗೆ ಕತೆಗಳನ್ನೂ ಹೇಳಿದ್ದಾರೆ. ನನ್ನನ್ನು ಕುರಿತು ಏನನ್ನೂ ಕೇಳಿರಲಿಲ್ಲ. ಕೇಳುವುದು ಹೇಳುವುದಕ್ಕಿಂತ ಕಷ್ಟವಂತೆ, ಮಾತು ಕಲಿಸುವಾಕೆ ಹೇಳಿದ್ದಳು. ನಾನೂ ಅದನ್ನು ಎಣಿಸಿಕೊಂಡು ಕೂತವಳಲ್ಲ.

ಇವರು ನನ್ನ ಕಡೆ ತಿರುಗಿದರು. "ನೀನು," ಅಂದರು. ನಾನು ಕಾದೆ.

"ನೀನು ಉಂಡ್ಯಾ?"

ಮಧ್ಯಾಹ್ನ ಅವರೆಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ನಾನು ಉಂಡಿರಲಿಲ್ಲ. ಅದು ನನಗೇ ಮರೆತಿತ್ತು.

"ಇಲ್ಲ ರೀ," ಅಂದೆ.

ಮುಂದಿನ ಕಾರು ಚಲಿಸಿತು. ಸೇತುವೆ ದಾಟಿ ಮೊದಲು ಸಿಕ್ಕ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಇವರು ಕೋಲು ತೆಗೆದುಕೊಂಡು ಇಳಿದು, ಈ ಕಡೆಗೆ ಸುತ್ತಿ ಬಂದು, ನನ್ನ ಬಾಗಿಲು ತೆರೆದು ನಿಂತರು.